ಕೊನೆಯ ಮನೆಗೇ ಹೋದ ಕರೆಗಳು

ಪುಳಿಕ್ಕಡವು
12 ಸೆಪ್ಟೆಂಬರ್ 2022

ಪ್ರೀತಿಯ ವಾಸಂತಿ ಟೀಚರ್‌ಗೆ,

ಫೋನ್ ಮಾಡಿದರೆ ಮಾತೇ ಮುಗಿಸಿಬಿಟ್ಟಿರಲ್ಲ! "ಹರಟೆಗೆ ಫೋನು, ಪ್ರೋಗ್ರಾಮಿಗೆ ಕಾಗದ. ಮುದ್ರಿಸಿ ಅಂಚೆಗೆ ಹಾಕು" ಅಂದಿರಿ, ಇಟ್ಟಿರಿ. ಪಾಲಿಟೆಕ್ನಿಕ್‌ನಲ್ಲಿದ್ದಾಗಲೂ ನೀವು ಹೀಗೇ. ಮದುವೆಯ ನೆಪದಲ್ಲಿ ನಾನು ಓದು ಬಿಟ್ಟಾಗ ಮನೆಗೆ ಬಂದು, ನಮ್ಮ ಉಪ್ಪನನ್ನು ಜಗಲಿಯಲ್ಲಿ ಕೂರಿಸಿ, "ಮಗಳ ತಲೆಗೆ ತುಕ್ಕು ಹಿಡಿಸ್ತಿದ್ದೀರಿ" ಎಂದು ಗದರಿಸಿ ಹೋಗಿದ್ದಿರಿ. ನೀವು ಹೋದ ಮೇಲೆ ಉಪ್ಪ, "ಆ ಹೆಂಗಸು ನನಗೆ ಟೀಚರ್ ಆಗಿದ್ರೆ ನಾನೂ ಓದ್ತಿದ್ದೆ" ಅಂದಿದ್ದರು. ಮದುವೆ ಮಾತ್ರ ನಿಲ್ಲಲಿಲ್ಲ.

ಈಗ ನಮ್ಮೂರಿನ ಸಾಂತ್ವನ ಚಿಕಿತ್ಸೆಯ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜು ನನ್ನದು. ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡುವುದಷ್ಟೇ ಇಲ್ಲಿಯ ಕೆಲಸ. ಯಾವ ಮನೆಯಿಂದಲಾದರೂ "ನೋವು ತಡೆಯಕ್ಕಾಗ್ತಿಲ್ಲ" ಎಂದು ಫೋನ್ ಬಂದರೆ ನಾನು ಗೋಡೆಯ ಕರಿಹಲಗೆಯಲ್ಲಿ ಹೆಸರು ಬರೆಯಬೇಕು. ಆ ಮನೆಯ ಹತ್ತಿರದ ಸ್ವಯಂಸೇವಕರು ಬಂದು ನೋಡಿ ನರ್ಸನ್ನು ಕರೆದುಕೊಂಡು ಹೋಗಬೇಕು. ಹೋದ ತಿಂಗಳು ಐಶುಮ್ಮನ ಹೆಸರನ್ನು ಯಾರೋ ಕೈತಪ್ಪಿ ಒರೆಸಿಬಿಟ್ಟರು. ಅವರಿಗೆ ಮೂಳೆಯ ಕ್ಯಾನ್ಸರ್. ಬೆಳಿಗ್ಗೆ ಕರೆದ ಮುದುಕಿಯ ಬಳಿಗೆ ಸಂಜೆಯತನಕ ಯಾರೂ ಹೋಗಲಿಲ್ಲ. ಮಾರನೆಯ ದಿನ ನಾನು ಹೋದಾಗ ಅವರು ಬೈಯಲೂ ಇಲ್ಲ. "ಮರೆತ್ರಾ ಮೋಳೇ?" ಎಂದು ಸ್ವಂತ ಮಗಳನ್ನು ಕೇಳುವಂತೆ ಕೇಳಿದರು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂದಿನಿಂದ ನಮ್ಮ ವಾಚನಾಲಯದಲ್ಲಿ ಸಂಜೆ ನಡೆಯುವ ಪೈಥಾನ್ ಪ್ರೋಗ್ರಾಮಿಂಗ್ ತರಗತಿಗೆ ಹೋಗುತ್ತಿದ್ದೇನೆ. ಕಂಪ್ಯೂಟರಿನ ಪರದೆಯ ಮೇಲೆ ರೋಗಿಗೊಂದು ಗುಂಡಿ. ಒತ್ತಿದರೆ ಹತ್ತಿರದ ಸ್ವಯಂಸೇವಕರ ಫೋನಿಗೆ ಸಂದೇಶ. ಒರೆಸುವ ಮಾತೇ ಇಲ್ಲ. ಕ್ಲಿನಿಕ್ಕಿನ ಸಮಿತಿಯ ಕಾರ್ಯದರ್ಶಿ, ಮೇಷ್ಟ್ರು ಮೊಯ್ದು ಮಾಷ್, "ಮಾಡಿ ತೋರಿಸು, ಆಮೇಲೆ ನೋಡೋಣ" ಎಂದಿದ್ದಾರೆ.

ಮೊದಲ ಹೆಜ್ಜೆಯಾಗಿ, ನೋವು ಹೆಚ್ಚಿರುವವರ ಹೆಸರು ಮೇಲೆ ಬರುವಂತೆ ಮಾಡಿದ್ದೇನೆ. ಒಂದೇ ಸಾಲು, ನೋಡಿ! ಲ್ಯಾಂಬ್ಡಾ ಬಳಸಿದ್ದೇನೆ. ತಪ್ಪಿದ್ದರೆ ಹೇಳಿ. ಇಲ್ಲದಿದ್ದರೆ ಹೊಗಳಿ.

ನಿಮ್ಮ
ಸುಹರಾ


ನೆಯ್ಯಾಟ್ಟಿಂಕರ
21 ಸೆಪ್ಟೆಂಬರ್ 2022

ಸುಹರಾ,

ಹೊಗಳುವುದಿಲ್ಲ. ಆ ಸಾಲಿನಲ್ಲಿ 'ಪಿ' ಎಂದರೆ ಯಾರು? ಅದರ ಪಕ್ಕದ 'ಮೂರು' ಎಂದರೆ ಏನು? ಮೂರನೆಯ ಮಗುವೇ, ಮೂರು ಹೊತ್ತಿನ ಊಟವೇ?

ಫಂಕ್ಷನ್ ಎಂದರೆ ಒಂದು ಕೆಲಸದ ಆದೇಶಗಳ ಕಟ್ಟು; ಲ್ಯಾಂಬ್ಡಾ ಎಂದರೆ ಹೆಸರಿಡದ ಫಂಕ್ಷನ್. ಬೇಕಾದ ಜಾಗದಲ್ಲೇ ಬರೆದು, ಅಲ್ಲೇ ಬಳಸಿ, ಅಲ್ಲೇ ಬಿಟ್ಟು ಹೋಗುವಂಥದ್ದು. ಬರೆಯುವವರಿಗೆ ಸುಲಭ, ಓದುವವರ ಗತಿ ದೇವರಿಗೇ ಪ್ರೀತಿ. ನೀನು ಈಗ ತಾನೇ ಕಲಿಯುತ್ತಿದ್ದೀಯ. ಅದೇ ಕೆಲಸವನ್ನು ಹೊರಗೆ ತೆಗೆದು, 'ನೋವಿನ ಮಟ್ಟ' ಎಂದು ಹೆಸರಿಟ್ಟು, ಎರಡು ಸಾಲಿನಲ್ಲಿ ಬರೆ. ಸಾಲು ಹೆಚ್ಚಾದರೆ ತೆರಿಗೆ ಕಟ್ಟಬೇಕಾಗಿಲ್ಲ.

ಇನ್ನೊಂದು ಮಾತು. ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ನೋಡು. ಪ್ರೋಗ್ರಾಂ ಏನೆಂದು ಗೊತ್ತಿಲ್ಲದವರು ಪಕ್ಕದಲ್ಲಿ ಕೂತು ಕೇಳಿದರೂ 'ಓಹೋ, ಇದಾ' ಎನ್ನಬೇಕು. ಹಾಗನ್ನದಿದ್ದರೆ ಅದನ್ನು ನನಗೆ ಕಳಿಸಬೇಡ. ಅಕ್ಷರ ದೊಡ್ಡದಾಗಿ ಮುದ್ರಿಸು.

ನಿನ್ನ ಉಪ್ಪ ಹೇಗಿದ್ದಾರೆ?

ವಾಸಂತಿ


ಪುಳಿಕ್ಕಡವು
30 ಸೆಪ್ಟೆಂಬರ್ 2022

ಪ್ರೀತಿಯ ಟೀಚರ್‌ಗೆ,

ಉಪ್ಪ ತೀರಿಕೊಂಡು ಬಹಳ ವರ್ಷವಾಯಿತು. ನಿಮ್ಮನ್ನು ಕೊನೆಯವರೆಗೂ 'ಆ ಬೆಂಕಿ ಟೀಚರ್' ಎಂದೇ ನೆನೆಯುತ್ತಿದ್ದರು.

ನೀವು ಹೇಳಿದಂತೆ ತಿದ್ದಿದ್ದೇನೆ, ಜೊತೆಗಿದೆ. ಆದರೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ. ವಾಚನಾಲಯದಲ್ಲಿ ಪಾಠ ಮಾಡುವ, ನನ್ನನ್ನು ಅಕ್ಕನೆಂದು 'ಇತ್ತಾತಾ' ಎನ್ನುವ ರಿಜೋ ಸರ್ ನನ್ನ ಹಳೆಯ ಸಾಲನ್ನು ನೋಡಿ, "ಅಬ್ಬಾ ಇತ್ತಾತಾ, ಒಂದೇ ಸಾಲಲ್ಲಿ ಹೊಡೆದುಬಿಟ್ರಲ್ಲ!" ಎಂದು ಇಡೀ ತರಗತಿಗೆ ತೋರಿಸಿದ್ದರು. ಕಾಲೇಜಿಗೆ ಹೋಗುವ ಹುಡುಗಿಯರೆಲ್ಲ ತಿರುಗಿ ನನ್ನನ್ನು ನೋಡಿದರು. ಈ ವಯಸ್ಸಿನಲ್ಲಿ ಯಾರಾದರೂ ತಿರುಗಿ ನೋಡುವುದೆಂದರೆ ಸಣ್ಣ ಮಾತೇ? ನಿಮ್ಮ ಕಾಗದ ಓದಿದಾಗ, 'ಇವಳಿಗೆ ಇಷ್ಟು ಸಾಕು, ಅ ಆ ಇ ಈ ಬರೆದುಕೊಂಡಿರಲಿ' ಎಂದು ಹೇಳಿದ ಹಾಗಾಯಿತು.

ಅಂದಹಾಗೆ ಕಾಗದ ಬರೆದವರು ನೀವೇ ಹೌದೇ? ನಿಮ್ಮ ಅಕ್ಷರ ಇರುವೆಸಾಲಿನಂತೆ ಸಣ್ಣಗಿತ್ತು, ಬಲಕ್ಕೆ ವಾಲುತ್ತಿತ್ತು. ಇದು ಅಂಗಡಿ ಬೋರ್ಡಿನಂತೆ ನೆಟ್ಟಗಿದೆ. ನನಗೆ ಉತ್ತರ ಬರೆಯಲೂ ಬೇರೆಯವರಿಗೆ ವಹಿಸಿದಿರೇನೋ ಎಂದು ಸ್ವಲ್ಪ ಬೇಸರವಾಯಿತು. ತಪ್ಪಾಗಿ ತಿಳಿಯಬೇಡಿ.

ಸುಹರಾ


ನೆಯ್ಯಾಟ್ಟಿಂಕರ
10 ಅಕ್ಟೋಬರ್ 2022

ಸುಹರಾ,

ಮಣಿಕಟ್ಟು ನೋವು. ಮನೆಯವರ ಕೈಯಲ್ಲಿ ಬರೆಸುತ್ತಿದ್ದೇನೆ. ಇಷ್ಟಕ್ಕೆಲ್ಲ ಮುಖ ಊದಿಸಿಕೊಳ್ಳುವ ಅಭ್ಯಾಸ ಇನ್ನೂ ಬಿಟ್ಟಿಲ್ಲವೇ?

ತಿದ್ದಿದ್ದು ಚೆನ್ನಾಗಿದೆ. 'ನೋವಿನ ಮಟ್ಟ' ಎಂದು ಬಂದ ಕೂಡಲೇ ನನಗೆ ಆ ಮನೆಗಳೆಲ್ಲ ಕಂಡವು. ನಿಜ ಹೇಳುತ್ತೇನೆ, ಸಂತೋಷವಾಯಿತು.

ಲ್ಯಾಂಬ್ಡಾ ಮೇಲೆ ನನಗೇನೂ ಹಗೆ ಇಲ್ಲ. ಸಣ್ಣ ಕೆಲಸ, ಒಂದೇ ಕಡೆ ಬೇಕು, ಒಂದೇ ಉಸಿರಿಗೆ ಓದಿ ಅರ್ಥವಾಗುತ್ತದೆ ಎಂದಾದರೆ ಧಾರಾಳವಾಗಿ ಬಳಸು. ಆದರೆ ಒಬ್ಬರ ನೋವು ಇನ್ನೊಬ್ಬರ ಕಿವಿಗೆ ಮುಟ್ಟಬೇಕಾದ ಕಡೆ ಜಾಣತನ ತೋರಿಸಬೇಡ. ಜಾಣತನ ಮೆಚ್ಚುವವರು ತರಗತಿಯಲ್ಲಿದ್ದಾರೆ, ಐಶುಮ್ಮ ಮನೆಯಲ್ಲಿದ್ದಾರೆ.

ಗುಂಡಿಗಳ ಭಾಗ ಬರೆದಾಗ, ಚಾಲೂ ಮಾಡುವ ಮೊದಲು ನನಗೆ ಕಳಿಸು. ಮೊದಲು ಎಂದರೆ ಮೊದಲು.

ವಾಸಂತಿ


ಪುಳಿಕ್ಕಡವು
26 ಅಕ್ಟೋಬರ್ 2022

ಪ್ರೀತಿಯ ಟೀಚರ್‌ಗೆ,

ಮುಗಿಯಿತು! ಗುಂಡಿಗಳೆಲ್ಲ ಪರದೆಯ ಮೇಲೆ ಬಂದವು. ಪಟ್ಟಿಯಲ್ಲಿರುವ ಪ್ರತಿ ಮನೆಯನ್ನೂ ಒಂದೊಂದಾಗಿ ಎತ್ತಿಕೊಂಡು, ಪ್ರತಿಯೊಂದಕ್ಕೂ ಒಂದು ಗುಂಡಿ ಮಾಡಿ, ಆ ಗುಂಡಿಗೆ 'ಒತ್ತಿದಾಗ ಈ ಮನೆಯ ಸಂದೇಶ ಕಳಿಸು' ಎಂದು ಹೇಳುವುದು. ಇಷ್ಟನ್ನೂ ಆ ಲೂಪಿನ ಸುತ್ತಿನೊಳಗೇ ಒಂದು ಲ್ಯಾಂಬ್ಡಾದಲ್ಲಿ ಮುಗಿಸಿದ್ದೇನೆ. ಇಲ್ಲೊಂದು ಸಲ ನನ್ನ ಮಾತು ನಡೆಯಲಿ ಟೀಚರ್. ಮುದ್ದಾಗಿದೆ, ನೋಡಿ.

ನವೆಂಬರ್ ಒಂದಕ್ಕೆ, ಕೇರಳ ರಾಜ್ಯ ಹುಟ್ಟಿದ ಕೇರಳಪ್ಪಿರವಿ ದಿನ, ಮೊಯ್ದು ಮಾಷ್ ಕೈಯಿಂದಲೇ ಚಾಲೂ. ನಿಮ್ಮ ಉತ್ತರ ಅಷ್ಟರೊಳಗೆ ಬರುತ್ತದೋ ಇಲ್ಲವೋ. ಆದರೂ ಚಿಂತೆಯಿಲ್ಲ, ಪರೀಕ್ಷೆ ಮಾಡಿದ್ದೇನೆ. ಪಟ್ಟಿಯ ಕೊನೆಗೆ ಮೊನ್ನೆಯಷ್ಟೇ ಸೇರಿಸಿದ ಚೋಯಿಯಣ್ಣನ, ನಮ್ಮ ಚೋಯಿಯೇಟ್ಟನ, ಗುಂಡಿ ಒತ್ತಿದೆ. ಅವರ ಮನೆಯ ಹತ್ತಿರ ಆಟೋ ಓಡಿಸುವ ವೇಲಾಯುಧೇಟ್ಟನ ಫೋನಿಗೆ 'ಚೋಯಿಯವರ ಮನೆಗೆ ಹೋಗಿ' ಎಂದು ಟಣ್ ಅಂತ ಹೋಯಿತು. ಅವರು ಓಡಿ ಬಂದು, "ಬಂತು ಬಂತು, ಸುಹರಾ ಗೆದ್ಲು!" ಎಂದು ಎಲ್ಲರಿಗೂ ಸೋಡಾ ಕುಡಿಸಿದರು.

ಸೋಡಾದ ಗುಂಗಿನಲ್ಲಿ,
ಸುಹರಾ


ನೆಯ್ಯಾಟ್ಟಿಂಕರ
31 ಅಕ್ಟೋಬರ್ 2022

ಸುಹರಾ,

ಆ ಮುದ್ದಾದ ಸಾಲು ನನಗೆ ಅರ್ಥವಾಗಲಿಲ್ಲ. ಮತ್ತೆ ಮತ್ತೆ ಓದಿಸಿದರೂ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಸರಿ ಎನ್ನಲಾರೆ.

ಕೊನೆಯ ಗುಂಡಿ ಒತ್ತಿ ನೋಡಿದ್ದು ಸರಿ. ಮೊದಲನೆಯದನ್ನು ಒತ್ತಿದೆಯಾ? ನಡುವಿನದನ್ನು? ಬಿಡಿಸಿ, ಹೆಸರಿಟ್ಟು ಬರೆದು ಕಳಿಸು. ಅಲ್ಲಿಯವರೆಗೆ ಹಲಗೆಯೇ ಇರಲಿ.

ವಾಸಂತಿ


ನೆಯ್ಯಾಟ್ಟಿಂಕರ
24 ನವೆಂಬರ್ 2022

ಸುಹರಾ,

ಕಾಗದವಿಲ್ಲ, ಫೋನಿಲ್ಲ. ದಿನಾ ಅಂಚೆಯವನ ಸೈಕಲ್ ಬೆಲ್ಲಿಗೆ ಕಿವಿಗೊಟ್ಟು ಕೂರುವುದಾಗಿದೆ.

ನನ್ನ ಬಾಯಿ ಕೆಟ್ಟದ್ದು ಎಂದು ಮನೆಯವರು ನಲವತ್ತು ವರ್ಷದಿಂದ ಹೇಳುತ್ತಿದ್ದಾರೆ. ನಿನ್ನ ಉತ್ಸಾಹಕ್ಕೆ ನಾನು ತಣ್ಣೀರು ಎರಚಿದೆನೋ ಏನೋ. ಕ್ಲಿನಿಕ್ಕಿನಲ್ಲಿ ಎಲ್ಲ ಸರಾಗವಾಗಿ ನಡೆಯುತ್ತಿರಬೇಕು, ನೀನು ಗೆದ್ದು, 'ಈ ಮುದುಕಿಗೇನು ಗೊತ್ತು' ಎಂದು ಬಿಟ್ಟಿರಬೇಕು. ಹಾಗಿದ್ದರೂ ಪರವಾಗಿಲ್ಲ. ಒಂದು ಸಾಲು ಬರೆ. ಲ್ಯಾಂಬ್ಡಾದಲ್ಲೇ ಬರೆ ಬೇಕಾದರೆ.

ವಾಸಂತಿ


ಪುಳಿಕ್ಕಡವು
2 ಡಿಸೆಂಬರ್ 2022

ಟೀಚರ್‌ಗೆ,

ಇಲ್ಲಿ ಎಲ್ಲ ಚೆನ್ನಾಗಿದೆ. ಕೆಲಸ ಜಾಸ್ತಿ, ಅದಕ್ಕೇ ಬರೆಯಲಾಗಲಿಲ್ಲ. ವಾಚನಾಲಯದ ತರಗತಿ ಬಿಟ್ಟಿದ್ದೇನೆ. ಇದೆಲ್ಲ ನನ್ನಂಥವರಿಗಲ್ಲ. ನೀವು ನನಗಾಗಿ ತೊಂದರೆ ತೆಗೆದುಕೊಂಡದ್ದು ಸಾಕು.

ಮಣಿಕಟ್ಟಿಗೆ ಬಿಸಿನೀರಿನ ಶಾಖ ಕೊಡಿ.

ಸುಹರಾ


ನೆಯ್ಯಾಟ್ಟಿಂಕರ
8 ಡಿಸೆಂಬರ್ 2022

ಸುಹರಾ ಮೋಳೆಗೆ,

ನಾನು ಪ್ರಭಾಕರನ್, ನಿನ್ನ ಟೀಚರ್ ಗಂಡ. ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಈ ಕಾಗದ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಪಕ್ಕದ ಮನೆಯ ಜಗಲಿಯಲ್ಲಿ, 'ಪೇಪರ್ ಓದಿ ಬರ್ತೀನಿ' ಎಂದು ಸುಳ್ಳು ಹೇಳಿ ಬಂದು ಕೂತಿದ್ದೇನೆ.

ಮಣಿಕಟ್ಟಿಗೆ ಏನೂ ಆಗಿಲ್ಲ ಮೋಳೇ. ಅವಳಿಗೆ ಕಣ್ಣು ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಕಣ್ಣಿಗಿಳಿದು, ಹೋದ ವಿಷು ಹಬ್ಬದಿಂದ ಈಚೆಗೆ ಅಕ್ಷರ ಪೂರ್ತಿ ಹೋಯಿತು. ನೆರಳು ಕಾಣುತ್ತದೆ, ಬೆಳಕು ಕಾಣುತ್ತದೆ. ನಾನು ಎದುರಿಗೆ ಬಂದರೆ, "ಯಾರೋ ದಪ್ಪಗಿನವರು ಬಂದ್ರು" ಎಂದು ತಮಾಷೆ ಮಾಡುತ್ತಾಳೆ. ಹಳೆಯ ವಿದ್ಯಾರ್ಥಿಗಳು ಯಾರೇ ಫೋನ್ ಮಾಡಿದರೂ ಬೇಗ ಇಟ್ಟುಬಿಡುತ್ತಾಳೆ. ಅವರ ದನಿಯಲ್ಲಿ 'ಅಯ್ಯೋ ಪಾಪ' ಎಂಬುದು ಕೇಳಿಸಿದರೆ ಎರಡು ದಿನ ಊಟ ಬಿಡುವ ಹೆಂಗಸು ಅದು.

ನಿನ್ನ ಕಾಗದ ಬಂತು ನೋಡು, ಮನೆಯ ಗಾಳಿಯೇ ಬದಲಾಯಿತು. ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಟಿಕೆಟ್ ಹರಿದವನ ಕೈಗೆ ಪ್ರೋಗ್ರಾಂ ಕೊಟ್ಟು ಓದು ಎನ್ನುತ್ತಾಳೆ. ನಾನು ಗಟ್ಟಿಯಾಗಿ ಓದುತ್ತೇನೆ, ಅವಳು ಕಣ್ಣು ಮುಚ್ಚಿ ಕೇಳುತ್ತಾಳೆ. 'ನೋವಿನ ಮಟ್ಟ' ಎಂದು ನೀನು ಹೆಸರಿಟ್ಟು ಬರೆದದ್ದನ್ನು ಓದಿದ ದಿನ ನನಗೂ ಅರ್ಥವಾಗಿಬಿಟ್ಟಿತು! "ನೋಡಿದ್ರಾ, ನೀವೂ ಪ್ರೋಗ್ರಾಮರ್ ಆದ್ರಿ" ಎಂದು ಅವಳು ನಕ್ಕಳು. ಆ ನಗು ಕೇಳಿ ಬಹಳ ದಿನವಾಗಿತ್ತು.

ಆದರೆ ಆ ಲ್ಯಾಂಬ್ಡಾ ಸಾಲು ಇದೆಯಲ್ಲ, ಅದು ಬೋರ್ಡಿಲ್ಲದ ಬಸ್ಸು. ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗುತ್ತದೆ ಎಂಬುದು ಡ್ರೈವರಿಗೆ ಮಾತ್ರ ಗೊತ್ತು. ಚುಕ್ಕೆ, ಕಂಸ, ಕೋಲನ್ ಎಂದು ನಾನು ಓದಿದ್ದೇ ಓದಿದ್ದು. ಕೊನೆಗೆ ಅವಳು, "ಸಾಕು ಬಿಡಿ, ನಿಮ್ಮದಲ್ಲ ತಪ್ಪು" ಎಂದು ಒಳಗೆ ಹೋದಳು. ಕೋಣೆಯಲ್ಲಿ ಅತ್ತಳು. ತನಗೆ ಇನ್ನು ಕಲಿಸುವ ಯೋಗ್ಯತೆ ಇಲ್ಲ ಎಂದು ಅವಳ ತೀರ್ಮಾನ. ಅದಕ್ಕೆ ಸರಿಯಾಗಿ ನಿನ್ನ 'ಸಾಕು' ಎಂಬ ಕಾಗದ. ಅದನ್ನು ಓದಿ ಹೇಳಿದ ಮೇಲೆ ಅವಳು ಮಾತಾಡುತ್ತಿಲ್ಲ. ನನ್ನ ಜೊತೆ ಜಗಳವನ್ನೂ ಆಡುತ್ತಿಲ್ಲ. ಜಗಳವಿಲ್ಲದ ಮನೆ ನನಗೆ ಅಭ್ಯಾಸವಿಲ್ಲ ಮೋಳೇ.

ನಿನಗೇನೋ ಆಗಿದೆ. ಬಸ್ಸಿನಲ್ಲಿ ಮುಖ ನೋಡಿ ಯಾರು ಟಿಕೆಟ್ ತೆಗೆದಿಲ್ಲ ಎಂದು ಹೇಳುತ್ತಿದ್ದವನು ನಾನು. ಏನಾಯಿತು, ಬರೆ.

ಪ್ರಭಾಕರನ್


ಪುಳಿಕ್ಕಡವು
14 ಡಿಸೆಂಬರ್ 2022

ಪ್ರಭಾಕರನ್ ಚೇಟ್ಟನಿಗೆ,

ಈ ಕಾಗದವನ್ನು ಟೀಚರ್ ಎದುರಿಗೇ ಓದಿ. ಕದ್ದು ಓದುವುದು ಬೇಡ. ಟೀಚರ್, ಕೇಳಿಸಿಕೊಳ್ಳುತ್ತಿದ್ದೀರಾ? ಇವರ ಮೇಲೆ ಕೋಪಿಸಿಕೊಳ್ಳಬೇಡಿ. ಇವರು ಬರೆಯದಿದ್ದರೆ ನಾನು ಈ ಜನ್ಮದಲ್ಲಿ ನಿಮಗೆ ಮುಖ ತೋರಿಸುತ್ತಿರಲಿಲ್ಲ.

ನಿಮ್ಮ ಅಕ್ಟೋಬರ್ ಕಡೆಯ ಕಾಗದ ನನಗೆ ಸಿಕ್ಕಿದ್ದು ಎಲ್ಲ ಆದ ಮೇಲೆ. 'ಮೊದಲನೆಯದನ್ನು ಒತ್ತಿದೆಯಾ' ಎಂದು ಕೇಳಿದ್ದಿರಿ. ಒತ್ತಿರಲಿಲ್ಲ ಟೀಚರ್. ಕೊನೆಯದೊಂದನ್ನೇ ಒತ್ತಿ ಸೋಡಾ ಕುಡಿದಿದ್ದೆ.

ಚಾಲೂ ಆದ ಮರುದಿನವೇ ಐಶುಮ್ಮನ ಮನೆಯಿಂದ ಫೋನ್ ಬಂತು. ಅವರ ಮಗಳು, "ಉಮ್ಮ ಒದ್ದಾಡ್ತಿದ್ದಾರೆ, ಬೇಗ" ಎಂದಳು. ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ 'ಸಂದೇಶ ಹೋಗಿದೆ' ಎಂದು ಬಂತು. ಎದೆಯುಬ್ಬಿಸಿ, "ಹೊರಟ್ರು ಮೋಳೇ, ಬಂದೇ ಬಿಟ್ರು ಅಂದ್ಕೋ" ಎಂದೆ. ಆ ಮನೆಯ ಹೊಣೆ ಸ್ವಯಂಸೇವಕಿ ಜಮೀಲಾತ್ತನದು; ಅವರ ಮನೆ ಐಶುಮ್ಮನ ಮನೆಯಿಂದ ಒಂದು ಓಣಿ ಆಚೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನ್, "ಯಾರೂ ಬಂದಿಲ್ಲ". ಮತ್ತೆ ಒತ್ತಿದೆ. ಮತ್ತೆ 'ಸಂದೇಶ ಹೋಗಿದೆ'. ಯಂತ್ರ ಹೇಳಿದ್ದನ್ನು ನಂಬಿದೆ, ಅಳುತ್ತಿದ್ದ ಹುಡುಗಿಯನ್ನು ನಂಬಲಿಲ್ಲ. "ದಾರೀಲಿದ್ದಾರೆ, ಸ್ವಲ್ಪ ತಾಳ್ಮೆ ಇರ್ಲಿ" ಎಂದು ಬುದ್ಧಿ ಬೇರೆ ಹೇಳಿದೆ. ಮೂರನೆಯ ಸಲ ಫೋನ್ ಬಂದಾಗಲೂ ಅದನ್ನೇ ಮಾಡಿದೆ.

ಮಧ್ಯಾಹ್ನ ಊಟದ ಹೊತ್ತು ದಾಟಿದ ಮೇಲೆ ವೇಲಾಯುಧೇಟ್ಟನ ಆಟೋ ಬಂದು ಕ್ಲಿನಿಕ್ಕಿನ ಮುಂದೆ ಗಕ್ಕನೆ ನಿಂತಿತು. ಮುಖ ಕೆಂಡ.

"ಏನ್ ಸುಹರಾ, ನಿನಗೆ ತಲೆ ಕೆಟ್ಟಿದ್ಯಾ? ಬೆಳಿಗ್ಗೆಯಿಂದ ಎಷ್ಟು ಸಲ ಆ ಚೋಯಿಯೇಟ್ಟನ ಮನೆಗೆ ಓಡಿಸ್ತೀಯ? ಹೋದಾಗಲೆಲ್ಲ ಆ ಮನುಷ್ಯ ಕಪ್ಪೆ ತಿಂತಾ ಕೂತಿದ್ದಾನೆ!"

(ಕಪ್ಪೆ ಎಂದರೆ ಮರಗೆಣಸು, ಚೇಟ್ಟ. ನಿಮ್ಮ ಕಡೆ ಅದನ್ನು ಮರಚ್ಚೀನಿ ಅನ್ನುತ್ತೀರಂತೆ.)

"ಮೊದಲ್ನೇ ಸಲ 'ಏನು ವೇಲಾಯುಧಾ, ಈ ಕಡೆ?' ಅಂದ. ಎರಡ್ನೇ ಸಲ ಮೀನುಸಾರು ಹಾಕಿ ನನಗೂ ಒಂದು ತಟ್ಟೆ ಕೊಟ್ಟ. ಈಗ ಹೋದ್ರೆ 'ನಾನು ಸಾಯೋದನ್ನ ಕಾಯ್ತಾ ಇದ್ದೀಯೇನೋ ನೀನು?' ಅಂತ ಪೊರಕೆ ತಗೊಂಡ!"

ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಅಂದು ಅವರ ಫೋನ್ ಕಿತ್ತುಕೊಂಡು ನೋಡಿದೆ. ಐಶುಮ್ಮನಿಗಾಗಿ ನಾನು ಕಳಿಸಿದ ಸಂದೇಶಗಳೆಲ್ಲ ಅಲ್ಲಿದ್ದವು. ಪ್ರತಿಯೊಂದರಲ್ಲೂ 'ಚೋಯಿಯವರ ಮನೆಗೆ ಹೋಗಿ'. ಯಾರ ಗುಂಡಿ ಒತ್ತಿದರೂ ಕೊನೆಯವರಿಗೇ ಹೋಗುತ್ತಿತ್ತು. ಜಮೀಲಾತ್ತ ಫೋನನ್ನು ಮಡಿಲಲ್ಲಿಟ್ಟುಕೊಂಡು, ಯಾರೂ ಕರೆಯಲಿಲ್ಲವಲ್ಲ, ಇಂದು ಎಲ್ಲರೂ ಸುಖವಾಗಿದ್ದಾರೆ ಎಂದು ಅಕ್ಕಿ ಆರಿಸುತ್ತಾ ಕೂತಿದ್ದರಂತೆ.

ನರ್ಸನ್ನು ಆಟೋದಲ್ಲಿ ಹತ್ತಿಸಿಕೊಂಡು ನಾವು ಹೋದೆವು. ವೇಲಾಯುಧೇಟ್ಟ ಹಾಗೆ ಓಡಿಸಿದ್ದನ್ನು ನಾನು ನೋಡಿಲ್ಲ. ಐಶುಮ್ಮ ಚಾಪೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಇಂಜೆಕ್ಷನ್ ಕೊಟ್ಟು, ನೋವು ಇಳಿಯುವತನಕ ನಾನು ಅವರ ಕಾಲು ಹಿಡಿದು ಕೂತಿದ್ದೆ. ಇಳಿಯಿತು, ನಿದ್ದೆ ಬಂತು. ಪ್ರಾಣಕ್ಕೇನೂ ಆಗಲಿಲ್ಲ, ದೇವರು ದೊಡ್ಡವನು. ಈಗ ಮೊದಲಿನ ಹಾಗೇ ಇದ್ದಾರೆ. ಮೊನ್ನೆ ಎದ್ದು ಕೂತು ಕಂಜಿ ಕುಡಿದರು.

ಸಮಿತಿಯಲ್ಲಿ ನಾನು ಎಲ್ಲವನ್ನೂ ಹೇಳಿದೆ. ಮೊಯ್ದು ಮಾಷ್ ಬೈಯಲಿಲ್ಲ. "ಯಂತ್ರ ಬೇಡ, ಹಲಗೆ ಸಾಕು. ಹಲಗೆ ಒರೆಸಿದ್ರೆ ಒರೆಸಿದ್ದು ಕಾಣುತ್ತೆ" ಎಂದರು. ಮತ್ತೆ ಹಲಗೆ ಬಂತು. ನಾನು ಯಾರೂ ಒರೆಸದ ಹಾಗೆ ಅದರ ಕೆಳಗೇ ಕೂರುತ್ತೇನೆ. ನೀರು ಕುಡಿಯಲು ಎದ್ದರೂ ಹೆದರಿಕೆ.

ಯಾಕೆ ಹಾಗಾಯಿತೆಂದು ನನಗೆ ಇಂದಿಗೂ ಅರ್ಥವಾಗಿಲ್ಲ. ರಿಜೋ ಸರ್, "ಅದು ಹಾಗೇ, ಇತ್ತಾತಾ, ಎಲ್ಲರೂ ಒಂದ್ಸಲ ಬೀಳೋ ಗುಂಡಿ" ಎಂದರು, ಏನೋ ವಿವರಿಸಿದರು, ತಲೆಗೆ ಹತ್ತಲಿಲ್ಲ. ಲ್ಯಾಂಬ್ಡಾದಿಂದಲೇ ಆಯಿತೆಂದು ಅದಕ್ಕೊಂದು ಹೆಸರಿಟ್ಟು ಅಲ್ಲೇ ಬರೆದು ನೋಡಿದೆ. ಆಗಲೂ ಚೋಯಿಯೇಟ್ಟನಿಗೇ ಹೋಯಿತು. ಅಂದೇ ಕೈಚೆಲ್ಲಿದೆ.

ಟೀಚರ್, ನೀವು ನನ್ನನ್ನು ಕೀಳಾಗಿ ಕಂಡಿರಿ ಎಂದುಕೊಂಡಿದ್ದೆ. ನೀವು ಕೇಳಿ ಕೇಳಿ ನನ್ನ ಸಾಲುಗಳನ್ನು ಅರ್ಥ ಮಾಡಿಕೊಳ್ಳುತ್ತಿದ್ದಿರಿ ಎಂದು ನನಗೇನು ಗೊತ್ತು? 'ಅಯ್ಯೋ ಪಾಪ' ಎನ್ನುವುದಿಲ್ಲ. ಎಂದರೆ ಊಟ ಬಿಡುತ್ತೀರಂತೆ. ಆದರೆ ಕೋಪ ಬಂದಿದೆ. ಒಂದು ಮಾತು ಹೇಳಿದ್ದರೆ ನಾನು ಆ ಸಾಲನ್ನು ಅಂದೇ ಬಿಡಿಸಿ ಬರೆಯುತ್ತಿದ್ದೆ.

ಸುಹರಾ


ನೆಯ್ಯಾಟ್ಟಿಂಕರ
20 ಡಿಸೆಂಬರ್ 2022

ಸುಹರಾ,

ನನ್ನ ಮನೆಯವರು 'ಕಂಜಿ ಕುಡಿದರು' ಎಂಬಲ್ಲಿಗೆ ಬರುವತನಕ ನಾನು ಉಸಿರು ಬಿಟ್ಟಿರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆಮೇಲೆ ಚೋಯಿಯ ಮೀನುಸಾರಿನ ಭಾಗವನ್ನು ಇನ್ನೊಮ್ಮೆ ಓದಿಸಿಕೊಂಡೆ. ಇಬ್ಬರೂ ನಕ್ಕೆವು. ಆಮೇಲೆ, ಕದ್ದು ಕಾಗದ ಬರೆದದ್ದಕ್ಕೆ ಇವರಿಗೆ ಚೆನ್ನಾಗಿ ಬೈದೆ. ಇವರ ಮುಖದಲ್ಲಿ ಎಂಥ ನೆಮ್ಮದಿ ಇದ್ದಿರಬೇಕು! ದನಿಯಲ್ಲೇ ಗೊತ್ತಾಯಿತು.

ನಿನ್ನ ಕೋಪ ನ್ಯಾಯವಾದದ್ದು. ಕಣ್ಣು ಹೋದವಳೆಂದು ಗೊತ್ತಾದರೆ ಯಾರೂ ನನಗೆ ಪ್ರೋಗ್ರಾಂ ಕಳಿಸುವುದಿಲ್ಲ ಎಂದು ಹೆದರಿದೆ. ಹೆದರಿಕೆಯನ್ನು ಗದರಿಕೆಯಲ್ಲಿ ಮುಚ್ಚಿದೆ. ಈಗ ಹೇಳಿಯಾಯಿತು, ಹಗುರವಾಯಿತು.

ಇನ್ನು ಪಾಠ. ಹೀಗೆ ಯೋಚಿಸು. ನೀನು ಸ್ವಯಂಸೇವಕರನ್ನೆಲ್ಲ ಸಾಲಾಗಿ ಕರೆದು, 'ಗಂಟೆ ಹೊಡೆದಾಗ ಹಲಗೆ ನೋಡಿ, ಅಲ್ಲಿರುವ ಮನೆಗೆ ಹೋಗಿ' ಎಂದೆ. ಮೊದಲನೆಯವರಿಗೆ ಹೇಳುವಾಗ ಹಲಗೆಯ ಮೇಲೆ ಐಶುಮ್ಮ ಎಂದಿತ್ತು. ಅದನ್ನು ಒರೆಸಿ, ಮುಂದಿನವರಿಗೆ ಹೇಳುವಾಗ ಮುಂದಿನ ಹೆಸರು ಬರೆದೆ. ಕೊನೆಗೆ ಉಳಿದದ್ದು ಚೋಯಿ. ಗಂಟೆ ಹೊಡೆದಾಗ ಎಲ್ಲರೂ ಹಲಗೆ ನೋಡಿದರು, ಎಲ್ಲರಿಗೂ ಕಂಡದ್ದು ಚೋಯಿಯೇ. ಗುಂಡಿಗಳು ಮಾಡಿದ್ದೂ ಇದನ್ನೇ. ಹೆಸರನ್ನು ತಮ್ಮ ಹತ್ತಿರ ಇಟ್ಟುಕೊಳ್ಳಲಿಲ್ಲ. ಒತ್ತಿದಾಗ ಹೋಗಿ ಹಲಗೆ ನೋಡಿದವು.

ಆದ್ದರಿಂದ ಬರೀ ಹೆಸರಿಟ್ಟರೆ ಸಾಲದು. ಸುತ್ತಿನೊಳಗೇ ಕೂತರೆ ಹೆಸರಿರುವ ಫಂಕ್ಷನ್ನೂ ಅದೇ ಹಲಗೆಯನ್ನು ನೋಡುತ್ತದೆ. ನಿನ್ನ ಎರಡನೆಯ ಪ್ರಯತ್ನ ಸೋತದ್ದು ಅದಕ್ಕೇ. ಸುತ್ತಿನ ಹೊರಗೆ ಒಂದು ಫಂಕ್ಷನ್ ಬರೆ, 'ಈ ಮನೆಯ ಗುಂಡಿ ಮಾಡು' ಎಂದು ಹೆಸರಿಡು. ಅದಕ್ಕೆ ಮನೆಯನ್ನು ಕೈಗೆ ಕೊಡು. ಒಂದೊಂದು ಸಲ ಕರೆದಾಗಲೂ ಒಂದೊಂದು ಮನೆಯನ್ನು ಅದು ತನ್ನ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತದೆ. ಯಾರು ಹಲಗೆ ಒರೆಸಿದರೂ ಮುಷ್ಟಿಯೊಳಗಿನದು ಹೋಗುವುದಿಲ್ಲ. ಲ್ಯಾಂಬ್ಡಾದಲ್ಲೂ ಹೀಗೆ ಹಿಡಿಸುವ ಉಪಾಯವಿದೆ, ಆದರೆ ಅದನ್ನು ಇವರ ಬಾಯಲ್ಲಿ ಓದಿಸಲು ಹೋದರೆ ನಮ್ಮ ಸಂಸಾರ ಮುರಿಯುತ್ತದೆ.

'ನನ್ನಂಥವರಿಗಲ್ಲ' ಎಂದು ಬರೆದಿದ್ದೆ. ಆ ಮಾತು ಇನ್ನೊಮ್ಮೆ ಕಂಡರೆ, ಇಲ್ಲ, ಕೇಳಿದರೆ, ಬಸ್ಸು ಹತ್ತಿ ಬಂದು ಬೈಯುತ್ತೇನೆ. ಟಿಕೆಟ್ ತೆಗೆಯುವವರು ಮನೆಯಲ್ಲೇ ಇದ್ದಾರೆ.

ವಾಸಂತಿ


ಪುಳಿಕ್ಕಡವು
16 ಜನವರಿ 2023

ಪ್ರೀತಿಯ ಟೀಚರ್‌ಗೆ, ಚೇಟ್ಟನಿಗೆ,

ನಿಧಾನವಾಗಿ ಓದಿ ಚೇಟ್ಟ, ಇದು ಉದ್ದವಿದೆ.

ನೀವು ಹೇಳಿದಂತೆ ಬರೆದೆ. ನೀವು ಫೋನಿನಲ್ಲಿ ಓದಿಸಿಕೊಂಡು 'ಸರಿ' ಎಂದದ್ದೇ ಇದು, ಪ್ರತಿ ಇಟ್ಟಿದ್ದೇನೆ. ಈ ಸಲ ಎಲ್ಲ ಗುಂಡಿಗಳನ್ನೂ ಒತ್ತಿದೆ. ಸ್ವಯಂಸೇವಕರನ್ನೆಲ್ಲ ಅಂಗಳದಲ್ಲಿ ಕೂರಿಸಿ, ಮೊದಲಿನಿಂದ, ಕೊನೆಯಿಂದ, ನಡುವಿನಿಂದ ಒತ್ತಿದೆ. ಒತ್ತಿದಾಗಲೆಲ್ಲ ಬೇರೆ ಬೇರೆ ಮಡಿಲಿನಲ್ಲಿ ಟಣ್, ಟಣ್. ಯಾರೂ ಸೋಡಾ ತರಿಸಲಿಲ್ಲ, ನಾನೇ ಬೇಡ ಎಂದೆ.

ಸಮಿತಿ ಮಾತ್ರ ಒಪ್ಪಲು ತಯಾರಿರಲಿಲ್ಲ. "ಹೋದ ಸಲವೂ ಹೀಗೇ ಹೇಳಿದ್ದೆ" ಎಂದು ಒಬ್ಬರೆಂದರು. ಸುಳ್ಳಲ್ಲವಲ್ಲ. ನಾನು ವಾದಿಸಲಿಲ್ಲ. ಪ್ರೋಗ್ರಾಮಿನ ಕಾಗದವನ್ನು ಮೊಯ್ದು ಮಾಷ್ ಕೈಗೆ ಕೊಟ್ಟು, "ಗಟ್ಟಿಯಾಗಿ ಓದಿ ಮಾಷೇ" ಎಂದೆ. ಕನ್ನಡಕ ಏರಿಸಿ ಓದಿದರು. ಹೆಸರುಗಳನ್ನೆಲ್ಲ ನಮ್ಮ ಮಾತಿನಲ್ಲೇ ಇಟ್ಟಿದ್ದೆ. ಇಂಗ್ಲಿಷ್ ಅಕ್ಷರದಲ್ಲಿದ್ದರೂ ಬಾಯಿಗೆ ಬರುವುದು ಮನೆಮಾತು. 'ಪ್ರತಿ ಮನೆಗೂ: ಈ ಮನೆಯ ಗುಂಡಿ ಮಾಡು. ಗುಂಡಿ ಒತ್ತಿದಾಗ: ಈ ಮನೆಯ ಹತ್ತಿರದವರಿಗೆ ತಿಳಿಸು. ಅವರು ಹೊರಟೆ ಎನ್ನದಿದ್ದರೆ: ಇನ್ನೊಬ್ಬರಿಗೆ ತಿಳಿಸು.' ಆ ಕೊನೆಯದು ನಾನೇ ಸೇರಿಸಿದ್ದು ಟೀಚರ್. 'ಸಂದೇಶ ಹೋಗಿದೆ' ಎಂಬ ಮಾತನ್ನು ಇನ್ನು ನಂಬುವುದಿಲ್ಲ. 'ಹೊರಟೆ' ಎಂದರೆ ಮಾತ್ರ ನಂಬುತ್ತೇನೆ.

ಮಾಷ್ ನಿಲ್ಲಿಸಿ ಕೇಳಿದರು, "ಇಷ್ಟೇನಾ ಪ್ರೋಗ್ರಾಂ ಅಂದ್ರೆ? ಇದು ನಾವು ಮಾಡೋ ಕೆಲಸವೇ ಅಲ್ವಾ?"

ಬಾಗಿಲ ಬಳಿ ನಿಂತಿದ್ದ ವೇಲಾಯುಧೇಟ್ಟ, "ಅದೇ ಮಾಷೇ, ಚೋಯಿಯೇಟ್ಟನ ಊಟ ಒಂದು ಬಿಟ್ಟು" ಎಂದರು. ಎಲ್ಲರೂ ನಕ್ಕುಬಿಟ್ಟರು. ನಗುತ್ತಲೇ ಒಪ್ಪಿದರು. ಹಲಗೆಯನ್ನೂ ಒಂದು ತಿಂಗಳು ಜೊತೆಗಿಡಬೇಕು ಎಂದರು, ನಾನೇ ಮೊದಲು ಹೂಂ ಎಂದೆ.

ಇಂದು ಬೆಳಿಗ್ಗೆ ಐಶುಮ್ಮನ ಮಗಳ ಫೋನ್ ಬಂತು. ಗುಂಡಿಯ ಮೇಲಿನ ಹೆಸರನ್ನು ಎರಡು ಸಲ ಓದಿದೆ. ಒತ್ತಿದೆ. ಪರದೆಯನ್ನೇ ನೋಡುತ್ತಾ ಕೂತೆ. ಜಮೀಲಾತ್ತನಿಂದ 'ಹೊರಟೆ' ಎಂದು ಬಂತು. ಆದರೂ ಸಮಾಧಾನವಾಗಲಿಲ್ಲ, "ಫೋನ್ ಇಡಬೇಡ ಮೋಳೇ, ಅವರು ಬರೋವರೆಗೆ ಇಡಬೇಡ" ಎಂದೆ. ಆ ಕಡೆಯಿಂದ ಕೋಳಿಯ ಸದ್ದು, ಪಾತ್ರೆಯ ಸದ್ದು, ಐಶುಮ್ಮನ ನರಳಾಟ. ಆಮೇಲೆ ಗೇಟು ಕಿರುಗುಟ್ಟಿತು. ಚಪ್ಪಲಿ ಕಳಚಿದ ಸದ್ದು. ಜಮೀಲಾತ್ತ ಏದುಸಿರು ಬಿಡುತ್ತಾ, "ಬಂದೆ, ಬಂದೆ, ನರ್ಸೂ ಹಿಂದೇ ಬರ್ತಿದ್ದಾಳೆ" ಎನ್ನುತ್ತಿದ್ದರು.

ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ ಟೀಚರ್. ನಾಚಿಕೆಯೇನಿಲ್ಲ. ಫೋನ್ ಇನ್ನೂ ಕಿವಿಯಲ್ಲೇ ಇತ್ತು. ಐಶುಮ್ಮ ಗೊಣಗುವುದು ಸ್ಪಷ್ಟವಾಗಿ ಕೇಳಿಸಿತು:

"ಇಷ್ಟು ಬೇಗ ಯಾಕೇ ಬಂದೆ ಜಮೀಲಾ? ನೋವು ಇನ್ನೂ ಸರಿಯಾಗಿ ಶುರುವೇ ಆಗಿಲ್ವಲ್ಲ!"

ನಿಮ್ಮ
ಸುಹರಾ